ಕೊಟ್ಟಿಗೆಹಾರದ ವಾದಕ್ಕೆ ಟೀಚರ್ ಇಟ್ಟ ನಿಯಮಗಳು

ಮೂಕಾಂಬಿಕಾ ಟೀಚರ್ ನಿವೃತ್ತರಾದ ದಿನ ಶಾಲೆಯಲ್ಲಿ ಹಾರ ಹಾಕಿ, ಶಾಲು ಹೊದಿಸಿ, "ಇನ್ನು ಮುಂದೆ ಏನು ಮಾಡ್ತೀರಿ?" ಎಂದು ಕೇಳಿದ್ದಕ್ಕೆ, "ಏನು ಬೇಕಾದ್ರೂ ಮಾಡ್ತೇನೆ, ತೀರ್ಪು ಮಾತ್ರ ಕೊಡುವುದಿಲ್ಲ" ಎಂದಿದ್ದರು. ಎಲ್ಲರೂ ನಕ್ಕರು. ಅವರು ತಮಾಷೆಗೆ ಹೇಳಿರಲಿಲ್ಲ.

ಕಳಸದ ಅರ್ಚಕರ ಮನೆಯಲ್ಲಿ ಅಣ್ಣತಮ್ಮಂದಿರ ಹಿಂಡಿನ ನಡುವೆ ಒಬ್ಬಳೇ ಹೆಣ್ಣಾಗಿ ಹುಟ್ಟಿದವರು ಅವರು. ಹಲಸಿನ ತೊಳೆ ಯಾರಿಗೆ ಹೆಚ್ಚು ಬಂತು, ದೀಪದ ಎಣ್ಣೆ ಚೆಲ್ಲಿದ್ದು ಯಾರು, ಎಲ್ಲಕ್ಕೂ ಅಮ್ಮ "ಮೂಕಾಂಬಿಯನ್ನೇ ಕೇಳಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಮುಂದೆ ಕನ್ನಡ ಟೀಚರಾಗಿ ಬಣಕಲ್, ಕೊಟ್ಟಿಗೆಹಾರದ ಕಡೆಯ ಶಾಲೆಗಳಿಗೆ ಬಂದ ಮೇಲೂ ಅದು ತಪ್ಪಲಿಲ್ಲ. ತಾಲ್ಲೂಕಿನಲ್ಲಿ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ತೀರ್ಪುಗಾರರ ಕುರ್ಚಿಯಲ್ಲಿ ಅವರೇ. ಸಮಯ ಮೀರಿದವರಿಗೆ ಗಂಟೆ ಬಾರಿಸಿ ಬಾರಿಸಿ, ಕೊನೆಗೆ ಮನೆಯಲ್ಲಿ ಗಂಡ ಜನಾರ್ದನ ಊಟದ ಹೊತ್ತಿಗೆ ಒಂದು ಕಥೆ ಎಳೆದರೂ ಕೈ ತಾನಾಗಿ ಲೋಟಕ್ಕೆ ಚಮಚ ಬಡಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹಸೈನಾರ್ ಮತ್ತು ಬೊನಿಫಾಸ್ ಒಟ್ಟಿಗೇ ಮನೆಗೆ ಬಂದರು. ಇಬ್ಬರ ಮುಖವೂ ಊದಿತ್ತು.

ಕೊಟ್ಟಿಗೆಹಾರದ ಕೂಡುರಸ್ತೆಯಲ್ಲಿ ಬಸ್ಸಿಳಿದವರಿಗೆಲ್ಲ ಈ ಇಬ್ಬರೂ ಗೊತ್ತು. ಘಾಟಿ ನೋಡಲು ಬರುವ ಪ್ರವಾಸಿಗರಿಗೆ ಏಲಕ್ಕಿ, ಕಾಳುಮೆಣಸು, ಜೇನು ಮಾರುವ ಅಂಗಡಿ ಹಸೈನಾರ್ ಬ್ಯಾರಿಯವರದು. ಗೋಡೆಗೆ ಗೋಡೆ ತಾಗಿದ ಪಂಕ್ಚರ್ ಅಂಗಡಿ ಬೊನಿಫಾಸರದು. ಭಾನುವಾರ ಬೆಳಿಗ್ಗೆ ಬಣಕಲ್ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುವುದೂ ಅವರೇ. ಹರೆಯದಿಂದ ಜೊತೆಗಿದ್ದವರು. ಮಧ್ಯಾಹ್ನದ ಚಹಾದ ಹೊತ್ತಿಗೆ ಯೇಸು ದೇವರೋ, ಪ್ರವಾದಿಯೋ ಎಂದು ಶುರುಮಾಡಿದರೆ ಪಂಕ್ಚರಿಗೆಂದು ಬಂದವನ ಟ್ಯೂಬು ನೀರಿನ ತೊಟ್ಟಿಯಲ್ಲೇ ಉಳಿಯುತ್ತಿತ್ತು. ಊರಿಗೆ ಅದು ಅಭ್ಯಾಸವಾಗಿತ್ತು. ಆದರೆ ಆ ವರ್ಷ ಯಾರೋ ಪ್ರವಾಸಿ ಅದನ್ನು ಮೊಬೈಲಿನಲ್ಲಿ ಹಿಡಿದು, ಬೇಕಾದಷ್ಟು ಕತ್ತರಿಸಿ ಹರಿಬಿಟ್ಟ. ಆಮೇಲೆ ಮೂಡಿಗೆರೆಯಿಂದ, ಘಾಟಿ ಕೆಳಗಿನ ಊರುಗಳಿಂದ ಜೀಪಿನಲ್ಲಿ ಜನ ಬರತೊಡಗಿದರು. ಕೆಲವರು ಹಸೈನಾರರ ಬೆನ್ನು ತಟ್ಟಲು, ಕೆಲವರು ಬೊನಿಫಾಸರ ಬೆನ್ನು ತಟ್ಟಲು. ಹೀಗೆ ತಟ್ಟಿಸಿಕೊಂಡ ಮೇಲೆ ಇಬ್ಬರ ದನಿಯೂ ಏರಿತು. ಒಂದು ದಿನ ಚಹಾದ ಗ್ಲಾಸು ಬೀದಿಗೆ ಬಿತ್ತು.

"ಟೀಚರೇ, ಇದನ್ನು ಒಂದು ಸಲ ಕ್ರಮವಾಗಿ ಮಾಡಿ ಮುಗಿಸುವ ಅಂತ," ಎಂದರು ಹಸೈನಾರ್. "ಸಮುದಾಯ ಭವನದಲ್ಲಿ. ನೀವು ರೂಲ್ಸು ಹಾಕಿ ಕೊಡಬೇಕು."

"ಇವನು ಮೋಸ ಮಾಡ್ತಾನೆ ಟೀಚರ್," ಎಂದರು ಬೊನಿಫಾಸ್. "ನಾನು ಒಂದು ಕೇಳಿದ್ರೆ ಇನ್ನೊಂದಕ್ಕೆ ಉತ್ತರ ಹೇಳ್ತಾನೆ."

"ಮೋಸ ಯಾರದು ಅಂತ ಟೀಚರ್ ಹೇಳಲಿ."

"ನಾನು ಭಟ್ಟರ ಮಗಳು ಮಾರಾಯ್ರೇ," ಎಂದರು ಮೂಕಾಂಬಿಕಾ ಟೀಚರ್. "ನಿಮ್ಮ ಉಸ್ತಾದರಿದ್ದಾರೆ, ನಿಮ್ಮ ಫಾದರಿದ್ದಾರೆ. ಅವರನ್ನು ಬಿಟ್ಟು ನನ್ನ ಹತ್ರ ಯಾಕೆ ಬಂದ್ರಿ?"

ಮಸೀದಿಯ ಕಮಿಟಿಯವರು ಇದಕ್ಕೂ ತಮಗೂ ಸಂಬಂಧವಿಲ್ಲ ಎಂದಿದ್ದರು. ಫಾದರ್ ಕೂಡ, ಚರ್ಚಿನ ಹೆಸರು ಎಲ್ಲೂ ಬರಬಾರದು ಎಂದು ಹೇಳಿ ಕಳಿಸಿದ್ದರು. ಇನ್ನು ಉಳಿದವರು ಎರಡೂ ಕಡೆಗೆ ಸೇರದ ಟೀಚರು. ಹಸೈನಾರರ ಮಗಳನ್ನೂ ಬೊನಿಫಾಸರ ಮಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಸಂಧಿ, ಸಮಾಸ ಕಲಿಸಿದವರು.

ಒಪ್ಪಬಾರದಿತ್ತು. ಚಹಾದ ಗ್ಲಾಸು ಬೀದಿಗೆ ಬಿದ್ದದ್ದು ಮನಸ್ಸಿಗೆ ಚುಚ್ಚಿತ್ತು, ಅದಕ್ಕೆ ಒಪ್ಪಿಕೊಂಡರು.

ದಿನ ಗೊತ್ತು ಮಾಡುವುದರಲ್ಲೇ ಅರ್ಧ ತಾಳ್ಮೆ ಹೋಯಿತು. ಶುಕ್ರವಾರ ಆಗದು, ಭಾನುವಾರ ಆಗದು. ಶನಿವಾರ ಪ್ರವಾಸಿಗರ ಗದ್ದಲ, ಇಬ್ಬರಿಗೂ ವ್ಯಾಪಾರದ ದಿನ. ಕಾಫಿ ಕುಯ್ಲು ಮುಗಿಯಲಿ, ಇಲ್ಲದಿದ್ದರೆ ಎಸ್ಟೇಟಿನವರು ಬರಲಾರರು ಎಂದರು. ಕುಯ್ಲು ಮುಗಿಯುವಷ್ಟರಲ್ಲಿ ಈಸ್ಟರಿಗೆ ಮುಂಚಿನ ಕ್ರೈಸ್ತರ ತಪಸ್ಸಿನ ಕಾಲ ಬಂತು, ಅದರ ಹಿಂದೆಯೇ ರಂಜಾನ್ ಉಪವಾಸ. ಈಸ್ಟರ್ ಆಗಿ, ಈದ್ ಆಗಿ, ಮುಂಗಾರಿಗೆ ಮೊದಲು ಒಂದು ಬುಧವಾರ ಎಂದಾಯಿತು. ಹೊತ್ತು ಯಾವುದು? ಮಧ್ಯಾಹ್ನದ ನಮಾಜು ಮುಗಿದು ಸಂಜೆಯ ಅಸರ್ ನಮಾಜಿಗೆ ಮೊದಲು. "ಬಿಸಿಲು ಹೊತ್ತಲ್ಲಿ ಜನಕ್ಕೆ ನಿದ್ದೆ ಬರ್ತದೆ" ಎಂದು ಬೊನಿಫಾಸ್ ತಗಾದೆ ತೆಗೆದರು. "ಬರಲಿ. ಮಲಗಿದವರು ಗಲಾಟೆ ಮಾಡುವುದಿಲ್ಲ," ಎಂದರು ಟೀಚರ್.

ನಿಯಮ ಮಾಡಲು ಕುಳಿತ ದಿನ ಇಬ್ಬರೂ ಗ್ರಂಥ ತರುತ್ತಾರೆಂದು ಅವರು ಅಂದುಕೊಂಡಿದ್ದರು. ಹಸೈನಾರ್ ಚೀಲದಿಂದ ತೆಗೆದದ್ದು ಬೈಬಲಿನಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ತೋರಿಸುವ ಕಿರುಪುಸ್ತಕ. ಬೊನಿಫಾಸ್ ತೆಗೆದದ್ದು ಕುರಾನಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳ ಕಿರುಪುಸ್ತಕ. ಟೀಚರ್ ಎರಡನ್ನೂ ತಿರುವಿದರು. ಹೊದಿಕೆಯ ಬಣ್ಣವೊಂದು ಬೇರೆ. ಉಳಿದಂತೆ ಅದೇ ದಪ್ಪ ಅಕ್ಷರ, ಅದೇ ಸಾಲುಗಟ್ಟಿದ ಆಶ್ಚರ್ಯಚಿಹ್ನೆ, ಅದೇ ಕಾಗುಣಿತದ ತಪ್ಪು.

"ಹಸೈನಾರೇ, ನೀವು ಬೈಬಲ್ ಓದಿದ್ದೀರಾ?"

"ಇದರಲ್ಲಿ ಬೇಕಾದ್ದೆಲ್ಲ ಉಂಟಲ್ಲ ಟೀಚರೇ."

"ಬೊನಿಫಾಸ್, ನೀವು ಕುರಾನ್?"

ಬೊನಿಫಾಸ್ ಅಂಗಳ ನೋಡಿದರು.

"ಈ ಎರಡೂ ಇಲ್ಲೇ ಇರಲಿ," ಎಂದು ಟೀಚರ್ ಅವನ್ನು ಎತ್ತಿ ಜನಾರ್ದನರ ಕೈಗೆ ಕೊಟ್ಟರು. "ಅವರ ಗ್ರಂಥದಿಂದ ನೀವು ಒಂದು ವಾಕ್ಯ ಎತ್ತಬೇಕಾದ್ರೆ ಆ ಅಧ್ಯಾಯ ಪೂರ್ತಿ ಓದಿ ಬಂದಿರಬೇಕು. ಹಿಂದೆ ಏನಿದೆ, ಮುಂದೆ ಏನಿದೆ ಅಂತ ನಾನು ಕೇಳ್ತೇನೆ. ಗೊತ್ತಿಲ್ಲ ಅಂದ್ರೆ ಆ ವಾಕ್ಯ ವಾಪಸ್. ಮತ್ತೆ, ಯಾವ ಕನ್ನಡ ಅನುವಾದ ಅಂತ ಆ ಗ್ರಂಥದವರೇ ಹೇಳಬೇಕು. ಹಸೈನಾರೇ, ಬೊನಿಫಾಸಿಗೆ ಓದಲಿಕ್ಕೆ ನೀವು ಕೊಡಿ. ನಿಮಗೆ ಅವರು ಕೊಡಲಿ."

ಅದಕ್ಕೆ ಒಪ್ಪಿದರು. ಮುಂದಿನದಕ್ಕೆ ಒಪ್ಪುವಷ್ಟರಲ್ಲಿ ಜನಾರ್ದನ ಎರಡನೇ ಸಲ ಕಾಫಿ ತಂದಿಟ್ಟರು.

ಬೊನಿಫಾಸ್, ಅವರ ಗ್ರಂಥದಲ್ಲಿ ಯುದ್ಧದ ಮಾತಿದೆ, ಅದನ್ನು ಕೇಳಲೇಬೇಕು ಎಂದರು. ಕೇಳಿ ಎಂದರು ಟೀಚರ್. ಹಾಗಾದರೆ ಇವರ ಹಳೆಯ ಒಡಂಬಡಿಕೆಯಲ್ಲಿರುವ ಯುದ್ಧಗಳನ್ನೂ ಕೇಳುತ್ತೇನೆ ಎಂದರು ಹಸೈನಾರ್.

"ಅದು ಆ ಕಾಲದ ಸಂದರ್ಭ ಟೀಚರ್!"

"ನಮ್ಮದಕ್ಕೂ ಸಂದರ್ಭ ಉಂಟಲ್ಲ ಮಾರಾಯ!"

ಟೀಚರ್ ಹಣೆ ಒತ್ತಿಕೊಂಡರು. "ಅವರದ್ದಾದ್ರೆ ಹಿಂಸೆ, ನಮ್ಮದಾದ್ರೆ ಸಂದರ್ಭ. ಚೆನ್ನಾಗಿದೆ. ಕೇಳಿ ಇಲ್ಲಿ. ಅವರನ್ನು ಯಾವ ಕೋಲಿನಲ್ಲಿ ಅಳೀತೀರೋ ಅದೇ ಕೋಲು ನಿಮಗೂ. ಆ ಪ್ರಶ್ನೆಯನ್ನು ನಿಮ್ಮ ಗ್ರಂಥಕ್ಕೆ ಕೇಳಿದ್ರೆ ಏನು ಹೇಳ್ತೀರಿ ಅಂತ ಮೊದಲು ಹೇಳಿ, ಆಮೇಲೆ ಅವರನ್ನು ಕೇಳಿ. ಮತ್ತೆ ಯಾವನೋ ಎಲ್ಲೋ ಬಾಂಬಿಟ್ಟ, ಯಾವ ರಾಜ ಯಾರ ತಲೆ ತೆಗೆದ ಅನ್ನೋದೆಲ್ಲ ಭವನದ ಹೊರಗೆ. ಗ್ರಂಥದ ಬಗ್ಗೆ ಮಾತು ಅಂದ ಮೇಲೆ ಗ್ರಂಥದ ಬಗ್ಗೆ ಮಾತು."

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಹೆಸರು. ಯೇಸುಸ್ವಾಮಿ ಎನ್ನಬೇಕು ಎಂದು ಬೊನಿಫಾಸ್ ಹಿಡಿದರು. ಸ್ವಾಮಿ ಅಂದರೆ ವಾದ ಅಲ್ಲಿಗೇ ಸೋತ ಹಾಗಲ್ಲವೇ, ನಾನು ಈಸಾ ನಬಿ ಅನ್ನುತ್ತೇನೆ ಎಂದು ಹಸೈನಾರ್. ನಬಿ ಅಂದರೆ ಬರೀ ಪ್ರವಾದಿ ಅಂತಾಯಿತಲ್ಲ ಎಂದು ಮತ್ತೆ ಬೊನಿಫಾಸ್. ಕಾಫಿ ಆರಿತು. ಅವರವರ ಬಾಯಲ್ಲಿ ಬರುವ ಹೆಸರು ಅವರವರು ಹೇಳಲಿ, ಆದರೆ ಯಾರ ಬಗ್ಗೆಯೂ ಏಕವಚನ ಬರಬಾರದು ಎಂದು ಟೀಚರ್ ಮುಗಿಸಲು ನೋಡಿದರು.

"ಅದು ಹೇಗೆ ಟೀಚರ್?" ಎಂದರು ಬೊನಿಫಾಸ್. "ನಮ್ಮ ಬೈಬಲಿನಲ್ಲೇ ಏಕವಚನ ಇದೆ. ಆತನು ಬಂದನು, ಆತನು ಹೇಳಿದನು ಅಂತ."

"ನಾವೂ ಅಲ್ಲಾಹನಿಗೆ ಅವನು ಅಂತಲೇ ಹೇಳುವುದು," ಎಂದರು ಹಸೈನಾರ್. ಆ ಬೆಳಿಗ್ಗೆ ಅವರಿಬ್ಬರೂ ಒಂದಾದದ್ದು ಇದೊಂದೇ ವಿಷಯಕ್ಕೆ, ಅದೂ ಟೀಚರ ವಿರುದ್ಧ.

"ನಿಮ್ಮವರಿಗೆ ನೀವು ಏನು ಬೇಕಾದ್ರೂ ಹೇಳ್ಕೊಳ್ಳಿ!" ಎಂದು ಟೀಚರ್ ಎದ್ದುನಿಂತರು. "ಎದುರಿನವರು ಗೌರವಿಸುವವರಿಗೆ ಬಹುವಚನ. ಇನ್ನು ವ್ಯಾಕರಣದ ವಿಷಯಕ್ಕೆ ನನ್ನ ಹತ್ರ ಬರಬೇಡಿ."

ಕೊನೆಯ ನಿಯಮವನ್ನು ಅವರು ಸುಸ್ತಾಗಿ, ಬಾಗಿಲಲ್ಲಿ ನಿಂತೇ ಹೇಳಿದರು. ಯಾರೇ ಆಗಲಿ, ಉತ್ತರ ಕೊಡುವ ಮೊದಲು ಎದುರಿನವರು ಹೇಳಿದ್ದೇನು ಎಂದು ತಮ್ಮ ಬಾಯಲ್ಲಿ ಹೇಳಬೇಕು. ಎದುರಿನವರು "ಹೌದು, ನಾನು ಹೇಳಿದ್ದು ಅದೇ" ಎಂದ ಮೇಲೆಯೇ ಉತ್ತರ. ಇದರಲ್ಲಿ ಏನು ಕಷ್ಟ ಎಂದು ಇಬ್ಬರೂ ತಲೆಯಾಡಿಸಿ ಹೋದರು. ಹೊರಗಿನಿಂದ ಭಾಷಣಕಾರರನ್ನು ಕರೆಸುವ ಹಾಗಿಲ್ಲ, ಮೊಬೈಲಿನಲ್ಲಿ ಹಿಡಿಯುವ ಹಾಗಿಲ್ಲ ಎಂಬುದಕ್ಕೂ ತಲೆಯಾಡಿಸಿದ್ದರು.

ಬುಧವಾರ ಭವನಕ್ಕೆ ಹೋಗಿ ನೋಡಿದರೆ ವೇದಿಕೆಯ ಮೇಲೆ ಹಸೈನಾರರ ಪಕ್ಕ ಕರಾವಳಿಯಿಂದ ಬಂದ ಒಬ್ಬ ಭಾಷಣಕಾರರು, ಎದುರಿಗೆ ಗರಿಗರಿ ರಟ್ಟಿನ ಪುಸ್ತಕಗಳ ರಾಶಿ. ಬೊನಿಫಾಸರ ಪಕ್ಕ ಬೆಂಗಳೂರಿನಿಂದ ಬಂದ ಒಬ್ಬ ಬೋಧಕರು, ಎದುರಿಗೆ ಲ್ಯಾಪ್‌ಟಾಪು. ಕುರ್ಚಿಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಜನ, ಎಡಕ್ಕೆ ಒಂದು ಗುಂಪು, ಬಲಕ್ಕೆ ಒಂದು ಗುಂಪು. ಬಾಗಿಲಲ್ಲಿ ಇಬ್ಬರು ಪೊಲೀಸರು ಕಡಲೆ ತಿನ್ನುತ್ತಿದ್ದರು.

ಟೀಚರ್ ಇಬ್ಬರನ್ನೂ ಕಂಬದ ಹಿಂದೆ ಕರೆದರು. "ಏನಿದು?"

"ಅವನು ಕರೆಸ್ತಾನೆ ಅಂತ ಸುದ್ದಿ ಬಂತು ಟೀಚರೇ. ಅದಕ್ಕೆ ನಾನೂ."

"ಇವನು ಕರೆಸಿದ್ದು ಗೊತ್ತಾಗಿಯೇ ಟೀಚರ್, ನಾನು."

ಟೀಚರಿಗೆ ಹಾಗೇ ತಿರುಗಿ ಮನೆಗೆ ಹೋಗಬೇಕೆನಿಸಿತು. ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅಷ್ಟು ಜನ ಎರಡು ಗುಂಪಾಗಿ ಕುಳಿತಿರುವಾಗ ಖಾಲಿ ಕುರ್ಚಿಯನ್ನು ನಡುವೆ ಬಿಟ್ಟು ಹೋಗುವುದು ಸರಿ ಕಾಣಲಿಲ್ಲ. ಮೈಕಿನ ಮುಂದೆ ಬಂದು, ಅತಿಥಿಗಳು ಬಂದಿದ್ದಾರೆ, ಮಾತಾಡಲಿ, ಆದರೆ ನಿಯಮ ಅವರಿಗೂ ಅದೇ ಎಂದು ಒಂದೊಂದಾಗಿ ಹೇಳಿದರು.

ಬೋಧಕರು ಮೊದಲು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಭಾಷಣಕಾರರು ಉತ್ತರಕ್ಕೆ ಎದ್ದು ತೋಳು ಮಡಚಿದಾಗ ಟೀಚರ್ ಗಂಟೆ ಬಾರಿಸಿದರು.

"ಅವರು ಹೇಳಿದ್ದೇನು, ಮೊದಲು ಹೇಳಿ."

"ಅವರು ಹೇಳಿದ್ದು ಸುಳ್ಳು ಅಂತ ನಾನು ತೋರಿಸ್ತೇನೆ ಮೇಡಂ."

"ಆಮೇಲೆ ತೋರಿಸಿ. ಈಗ ಏನು ಹೇಳಿದ್ರು ಅಂತ ಹೇಳಿ."

ಅವರು ಹೇಳಿದರು. ಬೋಧಕರು ಅದಲ್ಲ ಎಂದರು. ಮತ್ತೆ ಹೇಳಿದರು. ಅದೂ ಅಲ್ಲ. ಸರದಿ ಅದಲುಬದಲಾಯಿತು, ಭಾಷಣಕಾರರು ಮಾತಾಡಿದರು, ಬೋಧಕರು ಅದನ್ನು ತಿರುಗಿ ಹೇಳಬೇಕಾಯಿತು. ಅವರದ್ದೂ ಅದೇ ಪಾಡು. ಎದುರಿನವರ ಮಾತು ಎತ್ತಿದ ಕೂಡಲೇ ಅದರ ಬಾಲಕ್ಕೆ ಒಂದು ಕುಹಕ ತಾನಾಗಿ ಸೇರಿಕೊಳ್ಳುತ್ತಿತ್ತು, ಟೀಚರ್ ಗಂಟೆ ಬಾರಿಸುತ್ತಿದ್ದರು. ಸಭೆಯಲ್ಲಿ ಯಾರೋ ಆಕಳಿಸಿದರು. ಇಬ್ಬರೂ ಒಟ್ಟಿಗೇ ಮೈಕಿಗೆ ಕೈಹಾಕಿ, ಇದು ವಾದವೇ ಅಲ್ಲ, ಶಾಲೆಯ ಬಾಯಿಪಾಠ ಎಂದು ದನಿ ಏರಿಸಿದಾಗ ಟೀಚರ್ ತಮ್ಮ ಹಳೆಯ ಗಂಟಲಿನಲ್ಲಿ, "ಕೂತ್ಕೊಳ್ಳಿ ನೀವು!" ಎಂದು ಗದರಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಕೆಲವರು, ಯಾವ ಕಾಲದ ವಿದ್ಯಾರ್ಥಿಗಳೋ, ಗಡಬಡಿಸಿ ಕುಳಿತರು.

ಅತಿಥಿಗಳು ಕೂರಲಿಲ್ಲ. ಪುಸ್ತಕ, ಲ್ಯಾಪ್‌ಟಾಪು ಎತ್ತಿಕೊಂಡು ಹೊರಟರು. ಅವರಿಬ್ಬರೂ ಕೂಡುರಸ್ತೆಯ ಹೋಟೆಲಿನಲ್ಲಿ ಒಂದೇ ಮೇಜಿಗೆ ಕುಳಿತು ನೀರುದೋಸೆ ತಿಂದರೆಂದೂ, ಆ ಹೆಂಗಸಿಗೆ ಏನೂ ತಿಳಿಯುವುದಿಲ್ಲವೆಂಬ ಬಗ್ಗೆ ಅವರಲ್ಲಿ ಪೂರ್ತಿ ಒಮ್ಮತವಿತ್ತೆಂದೂ ಆಮೇಲೆ ಸುದ್ದಿ ಬಂತು.

ಅವರ ಹಿಂದೆ ಜನವೂ ಸುಮಾರು ಕರಗಿತು. ಉಳಿದವರು ಊರಿನವರೇ. ವೇದಿಕೆಯ ಮೇಲೆ ಹಸೈನಾರ್, ಬೊನಿಫಾಸ್ ಮದುವೆ ಮನೆಯಲ್ಲಿ ಎಲೆ ಸಿಗದವರ ಹಾಗೆ ಕುಳಿತಿದ್ದರು.

"ಶುರುಮಾಡಿ," ಎಂದರು ಟೀಚರ್. "ಅದಕ್ಕೇ ಅಲ್ವಾ ನನ್ನ ಬೇಸಿಗೆಯನ್ನೆಲ್ಲ ತಿಂದದ್ದು? ಬೊನಿಫಾಸ್, ಹೇಳಿ."

ಬೊನಿಫಾಸ್ ಶಿಲುಬೆಯ ಸಾವಿನ ಬಗ್ಗೆ ಮಾತಾಡಿದರು. ಭಾನುವಾರದ ಪಾಠದ ದನಿ ಮೊದಲು ಬಂತು, ಆಮೇಲೆ ಹೋಯಿತು. ಹಸೈನಾರ್ ಎದ್ದರು.

"ನಿಮ್ಮ ದೇವರು ಶಿಲುಬೆ ಮೇಲೆ ಸತ್ತು ಹೋದ್ರು ಅಂತ ಹೇಳ್ತೀಯ..."

ಗಂಟೆ. "ಬಹುವಚನ ಸರಿ ಉಂಟು. ಆದ್ರೆ ಅದು ಅವರು ಹೇಳಿದ್ದಲ್ಲ. ನಿಮಗೆ ಕೇಳಿಸಿದ್ದು."

"ಜನರ ಪಾಪಕ್ಕೆ ಬದಲಾಗಿ ಅವರು ಪ್ರಾಣ ಕೊಟ್ರು ಅಂತ."

"ಅರ್ಧ ಸರಿ," ಎಂದರು ಬೊನಿಫಾಸ್. "ಯಾಕೆ ಅಂತ ನೀನು ಹೇಳಲಿಲ್ಲ."

ಹಸೈನಾರ್ ಮೈಕಿನ ತಂತಿಯನ್ನು ಬೆರಳಿಗೆ ಸುತ್ತುತ್ತ ನಿಂತರು. ಟೀಚರಿಗೆ ಗಂಟೆ ಬಾರಿಸುವ ಮನಸ್ಸಾಯಿತು, ಬಾರಿಸಲಿಲ್ಲ.

"ಬೋನಿ," ಎಂದರು ಹಸೈನಾರ್. "ನಿನ್ನ ಹೆಂಡತಿ ಸಿಸಿಲಿಯಾ ಬಾಯಿ ಮಂಗಳೂರು ಆಸ್ಪತ್ರೆಯಲ್ಲಿ ಇದ್ದಾಗ ನಾನು ಬಂದಿದ್ದೆ. ಆಗ ನೀನು ನನ್ನ ಹತ್ರ ಒಂದು ಮಾತು ಹೇಳಿದ್ದೆ. ಅದೇ ಇರಬೇಕು ನೀನು ಈಗ ಹೇಳಿದ್ದು. ದೇವರು ದೂರ ಕೂತು ನಮ್ಮ ನೋವು ನೋಡಲಿಲ್ಲ, ಪ್ರೀತಿಯಿಂದ ತಾನೇ ಅದರೊಳಗೆ ಇಳಿದ, ಮನುಷ್ಯ ಅನುಭವಿಸುವ ಕೊನೆಯವರೆಗೂ ಇಳಿದ. ಹಾಗಾಗಿ ಯಾರೂ ಆ ಜಾಗದಲ್ಲಿ ಒಂಟಿ ಅಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಆದ್ರೆ ನೀನು ನಂಬುವುದು ಇದು."

"ಹೌದು," ಎಂದರು ಬೊನಿಫಾಸ್. "ಅದೇ."

ಹಸೈನಾರ್ ತಮ್ಮ ಉತ್ತರ ಹೇಳಿದರು. ಈಗ ಬೊನಿಫಾಸರ ಸರದಿ. ಅವರಿಗೂ ಮೊದಲ ಸಲಕ್ಕೆ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ. "ಈಸಾ ಅವರನ್ನು ನೀವು ಸಣ್ಣವರು ಮಾಡ್ತೀರಿ" ಎಂದು ಶುರುಮಾಡಿ ಗಂಟೆ ಹೊಡೆಸಿಕೊಂಡರು. ಹಸೈನಾರ್ ಕೊಟ್ಟ ಅನುವಾದವನ್ನು ತಿರುವಿದರು, ಮುಚ್ಚಿದರು, ಕನ್ನಡಕ ತೆಗೆದರು.

"ದೇವರು ತನ್ನವರನ್ನು ವೈರಿಗಳ ಕೈಗೆ, ಅವಮಾನಕ್ಕೆ ಬಿಟ್ಟುಕೊಡೋನಲ್ಲ ಅಂತ ನೀನು ಹೇಳೋದು," ಎಂದರು. "ಈಸಾ ಅವರನ್ನು ತಾನೇ ಮೇಲೆ ಎತ್ತಿಕೊಂಡ. ಮತ್ತೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರೋದು ನ್ಯಾಯ ಅಲ್ಲ. ಮನುಷ್ಯ ನೇರವಾಗಿ ಕೇಳಿದ್ರೆ ಕ್ಷಮಿಸಲಿಕ್ಕೆ ಅವನಿಗೆ ಯಾರ ಸಾವೂ ಬೇಕಿಲ್ಲ, ಅಷ್ಟು ದೊಡ್ಡವನು ಅವನು. ಸರಿಯಾ?"

"ಸರಿ," ಎಂದರು ಹಸೈನಾರ್. ಮತ್ತೆ, "ನಾನು ಇಷ್ಟು ಚಂದ ಹೇಳಲಿಲ್ಲ ಮಾರಾಯ" ಎಂದರು. ಸಭೆ ನಕ್ಕಿತು.

ಅಷ್ಟರಲ್ಲಿ ಮಸೀದಿಯಿಂದ ಅಸರ್ ನಮಾಜಿನ ಬಾಂಗ್ ಕೇಳಿತು. ಹಸೈನಾರ್ ನಮಾಜಿಗೆ ಇಳಿದರು. ವಾದ ಮೊದಲನೇ ಪ್ರಶ್ನೆಯನ್ನೇ ದಾಟಿರಲಿಲ್ಲ. "ಹಾಗಾದ್ರೆ ಗೆದ್ದದ್ದು ಯಾರು?" ಎಂದು ಒಬ್ಬ ಪೊಲೀಸಿನವನು ಟೀಚರನ್ನು ಕೇಳಿದ. ಟೀಚರ್ ಅವನನ್ನು ನೋಡಿದ ನೋಟಕ್ಕೆ ಕಡಲೆ ಪೊಟ್ಟಣ ಜೇಬಿಗೆ ಹೋಯಿತು.

ಮನೆಗೆ ನಡೆಯುವಾಗ ಅವರ ಎದೆ ಸ್ವಲ್ಪ ಹಗುರವಾಗಿತ್ತು ಎಂಬುದು ನಿಜ. ಅದು ಬೆಳಗಾಗುವವರೆಗೂ ಉಳಿಯಲಿಲ್ಲ. ಶಿವಮೊಗ್ಗದಿಂದ ತಮ್ಮನ ಮಗ ಸುಪ್ರೀತ್ ಫೋನು ಮಾಡಿದ. "ಅತ್ತೆ, ನಿಮಗ್ಯಾಕೆ ಬೇಕಿತ್ತು ಅವರ ವಿಷಯ? ಎಲ್ಲ ಗ್ರೂಪಲ್ಲೂ ನಿಮ್ಮ ವಿಡಿಯೊ."

ನಿಯಮ ಮುರಿದು ಯಾರೋ ಹಿಡಿದೇ ಬಿಟ್ಟಿದ್ದರು. "ಕೂತ್ಕೊಳ್ಳಿ ನೀವು!" ಎಂಬಷ್ಟೇ ತುಣುಕು. ಅದನ್ನು ಮುಸ್ಲಿಮರ ಕಡೆಯವನನ್ನು ಬೈದದ್ದು ಎಂದು ಒಂದು ಕಡೆ ಹಾಕಿದ್ದರು, ಕ್ರೈಸ್ತರ ಕಡೆಯವನನ್ನು ಬೈದದ್ದು ಎಂದು ಇನ್ನೊಂದು ಕಡೆ. ಎರಡು ಕಡೆಯೂ ಅವರಿಗೆ ಜೈಕಾರ ಹಾಕಿದ್ದು ನೋಡಿ ಟೀಚರಿಗೆ ಮೈ ಉರಿಯಿತು.

"ಪೂರ್ತಿ ನೋಡಿದೀಯೇನೋ ನೀನು?"

"ಇಷ್ಟೇ ಬಂದಿದ್ದು ಅತ್ತೆ."

"ಹಾಗಾದ್ರೆ ಇಷ್ಟಕ್ಕೇ ಫೋನಿಡು."

ಜನಾರ್ದನ ಪೇಪರಿನ ಹಿಂದೆ ನಗುತ್ತಿದ್ದುದು ಪೇಪರು ಅಲುಗಾಡಿದ್ದರಿಂದ ಗೊತ್ತಾಯಿತು.

ಆ ವಾರವೇ ಹಸೈನಾರ್ ಬಂದು, ಬೇರೆ ಎಲ್ಲ ಸರಿ, ಆದರೆ ಬೊನಿಫಾಸಿಗೆ ಒಂದು ಸಲ ಹೆಚ್ಚು ಅವಕಾಶ ಕೊಟ್ಟಿರಿ ಎಂದು ನಯವಾಗಿ ಹೇಳಿ ಹೋದರು. ಬೊನಿಫಾಸ್ ಬಂದು, ಹಸೈನಾರ್ ತಂತಿ ಸುತ್ತುತ್ತ ನಿಂತಾಗ ಗಂಟೆ ಬಾರಿಸದೆ ಬಿಟ್ಟದ್ದು ಪಕ್ಷಪಾತ ಎಂದರು. ಟೀಚರ್ ಇಬ್ಬರಿಗೂ ಬಾಗಿಲು ತೋರಿಸಿದರು. ನಿಯಮ ನಿಮ್ಮ ಹತ್ತಿರವೇ ಇದೆ, ಇನ್ನು ನಾನಿಲ್ಲದೆ ಮಾಡಿಕೊಳ್ಳಿ ಎಂದರು.

ಮಾಡಿಕೊಂಡರು, ಅವರ ಮಟ್ಟಿಗೆ. ಜೀಪುಗಳು ಬರುವುದು ನಿಂತಿತು. ಎದುರಿನವನ ಮಾತನ್ನು ತಿರುಗಿ ಹೇಳುವ ಇಬ್ಬರು ಮುದುಕರನ್ನು ನೋಡಲು ಯಾರು ಅಷ್ಟು ದೂರ ಬರುತ್ತಾರೆ? ಚಹಾ ಮತ್ತೆ ಒಟ್ಟಿಗೇ ಆಯಿತು. ಮುಂಗಾರಿನ ಮೊದಲ ಹನಿ ಬೀಳುವ ಮುಂಚಿನ ಒಂದು ಮಧ್ಯಾಹ್ನ ಟೀಚರ್ ಕೂಡುರಸ್ತೆಯಲ್ಲಿ ತರಕಾರಿ ಕೊಳ್ಳುತ್ತಿದ್ದರು. ಪಂಕ್ಚರ್ ಅಂಗಡಿಯಿಂದ ದನಿ ಕೇಳುತ್ತಿತ್ತು.

"ನೀನು ಹೇಳುವುದು ಇದೇ ಅಲ್ವಾ?"

"ಅಲ್ಲ ಮಾರಾಯ, ಅರ್ಧ ಬಿಟ್ಟೆ. ಮೊದಲಿಂದ ಹೇಳು."

"ಮೊದಲಿಂದಲೇ ಹೇಳಿದ್ದಲ್ವಾ ನಾನು? ನಿಲ್ಲು, ಟೀಚರ್ ಅಲ್ಲೇ ಇದ್ದಾರೆ. ಟೀಚರೇ! ಒಂದೇ ನಿಮಿಷ! ಟೀಚರೇ!"

ಬಣಕಲ್ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಬಣಕಲ್ಲಿನಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಮೂಕಾಂಬಿಕಾ ಟೀಚರ್ ತರಕಾರಿ ಚೀಲ ಅವುಚಿಕೊಂಡು ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕ ಕುಳಿತರು.